ಹುಳುಕಡ್ಡಿ, ಹುಳು ಅಲ್ಲ

ಮೈಮೇಲೆ ದುಂಡಗೆ, ಕೆಂಪಗೆ ಎದ್ದು ತುರಿಸುವ ಕಲೆಗೆ ನಮ್ಮ ಚಿಮ್ಮಡದ ಕಡೆ ಹುಳುಕಡ್ಡಿ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಮಗೆ ಅದು ರಿಂಗ್‌ವರ್ಮ್. ಎರಡೂ ಹೆಸರಲ್ಲಿ ಹುಳು ಇದೆ, ಚರ್ಮದಲ್ಲಿ ಮಾತ್ರ ಇಲ್ಲ! ಅದು ಫಂಗಸ್. ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುತ್ತದೆ. ನಡುವಿನಿಂದ ಹೊರಗೆ ಹಬ್ಬುತ್ತಾ ಹೋಗುತ್ತದೆ, ಅದಕ್ಕೇ ಬಳೆಯಂಥ ಆಕಾರ.

ಕಳೆದ ಮಳೆಗಾಲದಲ್ಲಿ ಇದು ನಮ್ಮ ಅವ್ವನ ಸೊಂಟಕ್ಕೆ ಬಂತು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯೋ ಕೆಲಸ, ಬೆವರು, ದಿನವಿಡೀ ಬಿಗಿದ ಲಂಗದ ಲಾಡಿ. ಫಂಗಸ್‌ಗೆ ಇನ್ನೇನು ಬೇಕು? ಅವ್ವ ಯಾರಿಗೂ ಹೇಳಲಿಲ್ಲ. ಓಣಿಯವರೊಬ್ಬರು ಕೊಟ್ಟ ಟ್ಯೂಬ್ ಹಚ್ಚಿಕೊಂಡಳು. ಎರಡೇ ದಿನಕ್ಕೆ ತುರಿಕೆ ಮಾಯ. ಹಚ್ಚೋದು ಬಿಟ್ಟಾಗ ಮತ್ತೆ ಬಂತು, ಈ ಸಲ ತೊಡೆಯವರೆಗೆ. ನಾವು ಅಕ್ಕ-ತಮ್ಮ ಇಬ್ಬರೂ ಡಾಕ್ಟರ್ ಹತ್ರ ಹೋಗೋಣ ಅಂದರೆ, "ಇಂಥಾ ಜಾಗಾ ಯಾರಿಗೆ ತೋರಸೂದು? ಒಂದ ದಿನದ ಪಗಾರ ಬ್ಯಾರೆ ಹೋಗತೈತಿ" ಅಂದಳು. ಕೊನೆಗೆ ಜಮಖಂಡಿಯಲ್ಲಿ ಲೇಡಿ ಡಾಕ್ಟರ್ ಇದ್ದಾರೆ ಅಂತ ಹೇಳಿ ಒಪ್ಪಿಸಿದೆವು.

ಡಾಕ್ಟರ್ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ತೋರಿಸಿದರು: ಕ್ಲೋಬೆಟಸಾಲ್. ಅದು ಸ್ಟಿರಾಯ್ಡ್. ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ, ಫಂಗಸ್ ಒಳಗೇ ಬೆಳೆಯುತ್ತದೆ. ಎರರ್ ತಿದ್ದದೆ ಎರರ್ ಮೆಸೇಜ್ ಅಷ್ಟೇ ಅಳಿಸಿದ ಹಾಗೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಟ್ಯೂಬ್ ಕೈಯಿಂದ ಕೈಗೆ ಓಡಾಡ್ತಾನೇ ಇದೆ.

ನಿಜವಾದ ಚಿಕಿತ್ಸೆ ನಿಧಾನದ್ದು. ಫಂಗಸ್ ಕೊಲ್ಲುವ ಮುಲಾಮು, ಜೊತೆಗೆ ಗುಳಿಗೆ. ಮುಲಾಮನ್ನು ಕಲೆಯ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಯಾಕಂದ್ರೆ ಹಬ್ಬೋದು ಅಂಚಿನಲ್ಲೇ. ಕಲೆ ಪೂರ್ತಿ ಹೋದ ಮೇಲೂ 2 ವಾರ ಬಿಡಬಾರದು.

ಉಳಿದ ಅರ್ಧ ಕೆಲಸ ಮನೆಯವರದ್ದು. ಅವ್ವನ ಟವೆಲ್, ಬಟ್ಟೆ ಬೇರೆ ಇಟ್ಟೆವು. ಬಿಸಿನೀರಲ್ಲಿ ಒಗೆದು, ತಿರುವಿ ಹಾಕಿ ಬಿಸಿಲಿಗೆ ಒಣಗಿಸಿದೆವು. ಸ್ನಾನ ಆದಮೇಲೆ ಮೈ ಪೂರ್ತಿ ಒಣಗೋ ತನಕ ಸೀರೆ ಉಡಬೇಡ ಅಂತ ಅಕ್ಕ ದಿನಾ ಗದರಿಸುತ್ತಿದ್ದಳು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದೆವು. ಆರು ವಾರಕ್ಕೆ ವಾಸಿ ಆಯ್ತು. ಸ್ಟಿರಾಯ್ಡ್‌ನಿಂದ ಚರ್ಮ ತೆಳುವಾಗಿ ಬಿದ್ದ ಗೀರುಗಳು ಮಾತ್ರ ಇನ್ನೂ ಇವೆ.

ಈಗ ನಮ್ಮ ಹಾಸ್ಟೆಲ್ ನೋಡಿ. ಒಣಗದ ಜೀನ್ಸ್, ಒಂದೇ ಟವೆಲಿಗೆ ಮೂವರು, ಒಂದೇ ಟ್ಯೂಬ್ ಇಡೀ ಫ್ಲೋರಿಗೆ. ತುರಿಕೆ ಬಂದರೆ ಗೂಗಲ್ ಮಾಡ್ತೀವಿ, ಡಾಕ್ಟರಿಗೆ ತೋರಿಸಲ್ಲ, ನಾಚಿಕೆ. ಹೊಲದಲ್ಲಿ ದುಡಿಯೋ ಅವ್ವನಿಗೆ ಪಗಾರದ ಚಿಂತೆಯಾದರೂ ಇತ್ತು, ನಮಗೇನಿದೆ? ದೋಸ್ತರೇ, ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಆಮೇಲೆ ಡಾಕ್ಟರಿಗೆ ತೋರಿಸಿ. ಒಬ್ಬರೇ ಹೋಗೋಕೆ ನಾಚಿಕೆ ಆದರೆ ರೂಮ್‌ಮೇಟ್‌ನ ಕರ್ಕೊಂಡು ಹೋಗಿ, ಅವನಿಗೂ ಬಂದಿರ್ತದೆ.