ಹೊಗೆಸೊಪ್ಪಿನ ಹದ

ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಯಲ್ಲಿ ಹೊಗೆಸೊಪ್ಪಿನ ವ್ಯಾಪಾರಿಗೆ ಅಜ್ಜನನ್ನು ಕಂಡರೆ ಅಳುಕು. ಅಜ್ಜ ಎಲೆ ಮಡಚಿ ನೋಡುವರು. ಪುಡಿಯಾದರೆ ಒಣಗಿದ್ದು, ಬೆರಳಿಗೆ ಅಂಟಿದರೆ ನೀರು ಚಿಮುಕಿಸಿದ್ದು. ಮೂಸಿ, ಚೂರು ಮುರಿದು, ಸುಣ್ಣ ತೀಡಿ ದವಡೆಗಿಟ್ಟು ಕಣ್ಣು ಮುಚ್ಚುವರು. ‘ಖಾರ ಐತೆ, ಹದ ಇಲ್ಲ’ ಎಂದರೆ ತೀರ್ಪು ಮುಗಿಯಿತು.

ಹವಾನಾ ಸಿಗಾರ್ ಪರೀಕ್ಷಿಸುವವರೂ ಹಿಸುಕಿ, ಮೂಸಿ, ಹೊಗೆಯನ್ನು ಒಳಗೆಳೆಯದೆ ಬಾಯಲ್ಲೇ ಆಡಿಸುತ್ತಾರೆ. ಇಬ್ಬರಿಗೂ ‘ಗಡುಸು’ ಅನಿಸುವುದು ಮುಖ್ಯವಾಗಿ ನಿಕೋಟಿನ್. ಸುಣ್ಣದ ಕ್ಷಾರಗುಣ ಅದನ್ನು ಕೆನ್ನೆಯ ಒಳಪದರದಿಂದಲೇ ರಕ್ತಕ್ಕೆ ದಾಟಿಸುತ್ತದೆ. ಸಿಗಾರಿನ ಹೊಗೆಯಲ್ಲೂ ಕ್ಷಾರಗುಣ ಉಂಟು.

ಒಂದು ವರ್ಷ ಅದೇ ದವಡೆಯಲ್ಲಿ ಬಿಳಿ ಮಚ್ಚೆ ಕಂಡಿತು. ‘ಬಿಟ್ಟರೆ ಮಾಯಬಹುದು, ಬಿಡದಿದ್ದರೆ ಕ್ಯಾನ್ಸರ್ ಆಗಬಹುದು’ ಎಂದರು ವೈದ್ಯರು.

ಮುಂದಿನ ಜಾತ್ರೆಯಲ್ಲಿ ಅಜ್ಜ ಎಲೆಯನ್ನು ಮೂಸಿದರು. ‘ಈ ಸಲ ಹದವಾಗೈತೆ ಕಣಪ್ಪ’ ಎಂದು ಹಿಂದಿರುಗಿಸಿ, ಮೊಮ್ಮಗಳಿಗೆ ಬೆಂಡು ಬತ್ತಾಸು ಕೊಡಿಸಲು ನಡೆದರು.