ಅರ್ಜಿಯಲ್ಲಿ ಬರೆಯಬೇಕಾದುದು ಏನು?

ವೈದ್ಯನಾಗಿ ಐದು ದಶಕಗಳಿಗೂ ಮೀರಿ ದುಡಿದ ನನಗೆ ಸಹಿ ಹಾಕುವುದು ಹೊಸ ಕೆಲಸವೇನಲ್ಲ. ರಜೆಯ ಚೀಟಿಯಿಂದ ಮರಣದ ಪ್ರಮಾಣಪತ್ರದವರೆಗೆ ಲೆಕ್ಕವಿಲ್ಲದಷ್ಟು ಕಾಗದಗಳಿಗೆ ಸಹಿ ಹಾಕಿದ್ದೇನೆ. ಆದರೆ ಕಳೆದ ಮೇ ತಿಂಗಳಲ್ಲಿ ನನ್ನ ಸ್ವಂತ ಮೊಮ್ಮಗಳೇ ಕೇಳಿದ ಒಂದು ಸಾಕ್ಷ್ಯಕ್ಕೆ ಒಪ್ಪಿಗೆ ಕೊಡಲು ಮನಸ್ಸು ಹಿಂಜರಿಯಿತು. ಮಕ್ಕಳನ್ನು ವೈದ್ಯರನ್ನಾಗಿ ಮಾಡಬೇಕೆಂಬ ಹಂಬಲವುಳ್ಳ ತಾಯ್ತಂದೆಗಳಿಗೆ ಉಪಯೋಗವಾದೀತೆಂದು ಆ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿ. ಇಲ್ಲಿಯ ಮೂರು ಜಿನ ಬಸದಿಗಳಲ್ಲಿ ಪಾರ್ಶ್ವನಾಥ ಬಸದಿ ಹೆಸರಾದದ್ದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವ 1133ರಲ್ಲಿ ಅದನ್ನು ಕಟ್ಟಿಸಿದ. ಒಳಗಿನ ಕಂಬಗಳನ್ನು ಕನ್ನಡಿಯಂತೆ ನುಣುಪಾಗಿ ಉಜ್ಜಿದ್ದಾರೆ. ಎದುರು ನಿಂತರೆ ನಮ್ಮ ಮುಖ ಕಾಣುತ್ತದೆ. ಆದರೆ ಕಂಬದ ಬಾಗನ್ನು ಅನುಸರಿಸಿ ಒಂದು ಕಡೆ ಸೊರಗಿ ಉದ್ದವಾಗಿ, ಇನ್ನೊಂದು ಕಡೆ ಉಬ್ಬಿ ಅಗಲವಾಗಿ ಕಾಣುತ್ತದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ಚಿಕ್ಕಂದಿನಲ್ಲಿ ರಜೆಗೆ ಬಂದಾಗಲೆಲ್ಲ ಆ ಕಂಬಗಳ ಮುಂದೆ ನಿಂತು ನಗುತ್ತಿದ್ದಳು.

ಅವಳಿಗೀಗ ಇಪ್ಪತ್ತೊಂದು ತುಂಬಿದೆ. ಆ ದೇಶದಲ್ಲಿ ಮೊದಲು ಪದವಿ, ಆಮೇಲೆ ವೈದ್ಯಕೀಯ. ಅರ್ಜಿಯಲ್ಲಿ ಅಂಕಗಳನ್ನು ತುಂಬಿದರೆ ಸಾಲದು. ಅಲ್ಲಿನ ಬಹುಪಾಲು ಕಾಲೇಜುಗಳಿಗೆ ಒಟ್ಟಾಗಿ ಹೋಗುವ ಸಾಮಾನ್ಯ ಅರ್ಜಿಯಲ್ಲಿ ವಿದ್ಯಾರ್ಥಿಯು ತನ್ನ ಪಠ್ಯೇತರ ಚಟುವಟಿಕೆಗಳನ್ನು, ಸೇವೆಯನ್ನು, ದುಡಿಮೆಯನ್ನು ಹದಿನೈದರವರೆಗೆ ಪಟ್ಟಿಮಾಡಬಹುದು. ಒಂದೊಂದಕ್ಕೂ ವ್ಯಯಿಸಿದ ಗಂಟೆಗಳೆಷ್ಟು, ಅದನ್ನು ಬಲ್ಲವರು ಯಾರು ಎಂದು ತಿಳಿಸಬೇಕು. 700 ಅಕ್ಷರಗಳ ಮಿತಿಯಲ್ಲಿ ವಿವರಿಸಬೇಕು. ಅವುಗಳಲ್ಲಿ ಮೂರನ್ನು ತನ್ನ ಬದುಕಿಗೆ ಅತ್ಯಂತ ಅರ್ಥಪೂರ್ಣವಾದವು ಎಂದು ಆರಿಸಿ ಇನ್ನಷ್ಟು ಬರೆಯಬಹುದು.

ಮೊಮ್ಮಗಳು ತನ್ನ ಕರಡನ್ನು ನನಗೆ ಕಳುಹಿಸಿದಳು. ಹದಿನೈದು ಮನೆಗಳೂ ಭರ್ತಿಯಾಗಿದ್ದವು. ಅರ್ಥಪೂರ್ಣವಾದ ಮೂರರಲ್ಲಿ ಒಂದು ಹೀಗಿತ್ತು: ‘ಭಾರತದ ಹಳ್ಳಿಯೊಂದರಲ್ಲಿ ಆರೋಗ್ಯಸೇವೆ, 150 ಗಂಟೆ. ಬಡ ರೋಗಿಗಳ ಚಿಕಿತ್ಸೆಯಲ್ಲಿ ನೆರವಾದೆ.’ ಬಲ್ಲವರು ಎಂಬಲ್ಲಿ ನನ್ನ ಹೆಸರಿತ್ತು.

ಹಿಂದಿನ ಬೇಸಿಗೆಯಲ್ಲಿ ಅವಳು ನಮ್ಮಲ್ಲಿಗೆ ಬಂದು ಆರು ವಾರ ಇದ್ದುದು ನಿಜ. ನನ್ನ ಸಣ್ಣ ಚಿಕಿತ್ಸಾಲಯದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತುದೂ ನಿಜ. ಲೆಕ್ಕ ಹಾಕಿದೆ. ಅವಳು ಬಂದದ್ದು ಹನ್ನೊಂದು ಬೆಳಗು. ಒಂದೊಂದು ಬೆಳಗಿಗೆ ಮೂರು ಗಂಟೆ. ಒಟ್ಟು ಮೂವತ್ತಮೂರು. ಕೆಲವರ ರಕ್ತದೊತ್ತಡ ಅಳೆದಿದ್ದಳು, ಹೆಸರು ಬರೆದುಕೊಂಡಿದ್ದಳು, ಉಳಿದಂತೆ ನೋಡುತ್ತಿದ್ದಳು. ಓದು ಮುಗಿಸದವರ ಕೈಗೆ ಚಿಕಿತ್ಸೆಯನ್ನು ಒಪ್ಪಿಸುವವನು ನಾನಲ್ಲ. ರೋಗಿ ಬಡವನಾದರೂ ಅವನ ಮೈ ಅಭ್ಯಾಸದ ಹಲಗೆಯಲ್ಲ. ವೈದ್ಯರ ಕೆಲಸವನ್ನು ಪಕ್ಕದಲ್ಲಿದ್ದು ನೋಡಿ ಕಲಿಯುವುದಕ್ಕೆ ಆ ಅರ್ಜಿಯಲ್ಲೇ ಬೇರೊಂದು ವಿಭಾಗವಿದೆ. ಅಲ್ಲಿ ಅದನ್ನು ಮೂವತ್ತಮೂರು ಗಂಟೆ ಎಂದು ಬರೆದಿದ್ದರೆ ನನಗೆ ತಕರಾರಿರಲಿಲ್ಲ.

ಫೋನಿನಲ್ಲಿ ಇದನ್ನು ಹೇಳಿದಾಗ ಅವಳ ಧ್ವನಿ ಸಣ್ಣದಾಯಿತು. “ಎಲ್ಲರೂ ಹೀಗೆಯೇ ಬರೆಯುತ್ತಾರೆ ತಾತ. ನನ್ನ ಗೆಳತಿಯರ ಪಟ್ಟಿ ನೋಡಿದರೆ ನನ್ನದು ಏನೂ ಅಲ್ಲ. ನೀವು ಒಪ್ಪದಿದ್ದರೆ ಆ ಮನೆ ಖಾಲಿ ಬಿಡಬೇಕಾಗುತ್ತದೆ” ಎಂದಳು. ಎಷ್ಟೋ ವರ್ಷಗಳ ಶ್ರಮ, ಅವಳ ತಂದೆತಾಯಿಯರ ಖರ್ಚು, ಎಲ್ಲವೂ ನನ್ನ ಒಂದು ಮಾತಿನ ಮೇಲೆ ನಿಂತಂತೆ ತೋರಿತು. ಮೊಮ್ಮಗಳ ಹಾದಿಗೆ ತಾತನೇ ಅಡ್ಡವಾದನೆಂಬ ಮಾತು ಬರಬಹುದಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಿದ್ದೆ ಬಾರದ ಆ ಹೊತ್ತಿನಲ್ಲಿ ನೆನಪಾದದ್ದು 1963. ಆಗ ನಮ್ಮದು ಮೈಸೂರು ರಾಜ್ಯ. ನಾನು ಪಿ.ಯು.ಸಿ. ಮುಗಿಸಿ ವೈದ್ಯಕೀಯಕ್ಕೆ ಅರ್ಜಿ ಹಾಕಿದ ವರ್ಷ. ಆ ವರ್ಷವೇ ಸರ್ಕಾರ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಗೊತ್ತುಪಡಿಸಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ವ್ಯಾಸಂಗಗಳ ಜೊತೆಗೆ ಎನ್.ಸಿ.ಸಿ., ಕ್ರೀಡೆ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವೂ ಆ ಅಂಕಗಳಿಗೆ ಆಧಾರವೆಂದು ಹೇಳಲಾಯಿತು. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಬಹುಮತದ ತೀರ್ಪು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಮುಧೋಳ್ಕರ್ ಅವರು ಮಾತ್ರ ಭಿನ್ನ ತೀರ್ಪು ಬರೆದರು. ಆದುದರಿಂದ ಮೊಮ್ಮಗಳ ಇಂದಿನ ಸಂಕಟ ನಮ್ಮ ನಾಡಿಗೆ ಅಪರಿಚಿತವೇನೂ ಅಲ್ಲ.

ಅಂದು ನಾನು ಬರೆದದ್ದು ‘ನಾಟಕ’ ಎಂದು. ನಮ್ಮೂರಿನ ಹುಡುಗರು ಜಾತ್ರೆಯ ಸಮಯದಲ್ಲಿ ಆಡುತ್ತಿದ್ದ ನಾಟಕದಲ್ಲಿ ನಾನು ಮಾಡುತ್ತಿದ್ದುದು ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯುವ ಮತ್ತು ಪರದೆ ಎಳೆಯುವ ಕೆಲಸ. ಸಂದರ್ಶನದಲ್ಲಿ ಹಿರಿಯರೊಬ್ಬರು “ಯಾವ ಪಾತ್ರ ಮಾಡಿದ್ದೀರಿ?” ಎಂದು ಕೇಳಿದರು. ನಾಯಕನ ಪಾತ್ರವೆಂದೆ. “ಎರಡು ಮಾತು ಹೇಳಿ, ಕೇಳೋಣ” ಎಂದರು. ಬಾಯಿ ಒಣಗಿ ನಿಂತೆ. ಕೊನೆಗೆ “ಪರದೆ ಎಳೆಯುತ್ತಿದ್ದೆ ಸ್ವಾಮಿ” ಎಂದೆ. ಅವರು ಗದರಿಸಲಿಲ್ಲ. “ಪರದೆ ಎಳೆಯುವವನಿಲ್ಲದೆ ನಾಟಕವುಂಟೇನಪ್ಪ? ಅದನ್ನೇ ಬರೆಯಬಹುದಿತ್ತು” ಎಂದರು. ಆ ಮೃದುವಾದ ಮಾತಿನ ಬಿಸಿ ಈಗಲೂ ಆರಿಲ್ಲ.

ನಾನು ಬರೆಯದೆ ಬಿಟ್ಟದ್ದೂ ಒಂದಿತ್ತು. ನಮ್ಮ ಮನೆಯಲ್ಲಿ ಎತ್ತಿನ ಗಾಡಿಯಿತ್ತು. ಊರಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, ಹೆರಿಗೆ ಕಷ್ಟವಾದರೆ, ಗಾಡಿ ಕಟ್ಟಿ ಬೇಲೂರಿನ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನದು. ಹತ್ತು ಮೈಲಿಯ ಹಾದಿ. ರಾತ್ರಿಯೆಲ್ಲ ಲಾಟೀನು ಹಿಡಿದು ಹೋಗಿದ್ದೇನೆ. ವೈದ್ಯನಾಗಬೇಕೆಂಬ ಆಸೆ ಹುಟ್ಟಿದ್ದೇ ಆ ಗಾಡಿಯಲ್ಲಿ. ಆದರೆ ಗಾಡಿ ಹೊಡೆಯುವುದೂ ಒಂದು ಚಟುವಟಿಕೆಯೆ ಎಂದು ನಾಚಿ ಬಿಟ್ಟೆ. ಆ ವರ್ಷ ಸೀಟು ಸಿಗಲಿಲ್ಲ, ಮರುವರ್ಷ ಸಿಕ್ಕಿತು. ಗಾಡಿಯ ವಿಷಯ ಹೇಳಿದ್ದರೆ ಮೊದಲೇ ಸಿಗುತ್ತಿತ್ತೆಂದು ನಾನು ಹೇಳಲಾರೆ. ನನ್ನ ಅಂಕಗಳೂ ಕಡಿಮೆಯೇ ಇದ್ದವು.

ಬೆಳಗಾಗುತ್ತಲೇ ಮೊಮ್ಮಗಳಿಗೆ ಈ ಕಥೆಯನ್ನೆಲ್ಲ ಹೇಳಿ ಕೇಳಿದೆ: “ನೀನು ಆ ಬೇಸಿಗೆಯಲ್ಲಿ ಇಲ್ಲಿಗೆ ಬಂದದ್ದು ಯಾತಕ್ಕೆ?”

ಅವಳು ಬಂದದ್ದು ಅಜ್ಜಿಗಾಗಿ. ನನ್ನ ಮನೆಯವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಉಸಿರುನಾಳಕ್ಕೆ ಹೋಗದಂತೆ ಎತ್ತಿ ಕೂರಿಸಿ ಗಟ್ಟಿ ಗಂಜಿಯನ್ನು ಚಮಚದಲ್ಲಿ ತಿನ್ನಿಸಬೇಕು. ನಲವತ್ತೊಂದು ರಾತ್ರಿ ಆ ಹುಡುಗಿ ಗಡಿಯಾರಕ್ಕೆ ಕರೆಗಂಟೆ ಇಟ್ಟುಕೊಂಡು ಎದ್ದಳು. ಎಡಗೈ ಬೆರಳನ್ನು ಒಮ್ಮೆ ಎತ್ತಿದರೆ ನೀರು, ಎರಡು ಸಲ ಎತ್ತಿದರೆ ನೋವು ಎಂದು ಅಜ್ಜಿ ಮೊಮ್ಮಗಳು ತಮ್ಮದೇ ಭಾಷೆಯೊಂದನ್ನು ಮಾಡಿಕೊಂಡರು. ವೈದ್ಯನಾದ ನನಗೇ ಅದು ತಿಳಿಯದೆ ಅವಳನ್ನು ಕೇಳಬೇಕಾಗುತ್ತಿತ್ತು. ಅವಳು ಹಿಂತಿರುಗಿದ ಎರಡು ತಿಂಗಳಿಗೆ ನನ್ನ ಮನೆಯವರು ತೀರಿಕೊಂಡರು.

ಹದಿನೈದು ಮನೆಗಳ ಆ ಕರಡಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಏಕೆಂದು ಕೇಳಿದೆ. “ಅದು ಚಟುವಟಿಕೆ ಅಲ್ಲವಲ್ಲ ತಾತ, ಅದು ಅಜ್ಜಿ” ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಬರೆಯೆಂದು ಒತ್ತಾಯಿಸಲಿಲ್ಲ. ಅಜ್ಜಿಯ ಸಂಕಟವನ್ನು ಸೀಟಿಗೆ ಮೆಟ್ಟಿಲು ಮಾಡಿಕೊಂಡಂತಾದೀತೆಂಬ ಅವಳ ಅಳುಕು ಸಣ್ಣದಲ್ಲ. “ಬರೆಯುವುದಾದರೆ ನಡೆದುದನ್ನಷ್ಟೇ ಬರೆ, ಬರೆಯದಿದ್ದರೂ ಅದು ನಿನ್ನಲ್ಲಿರುತ್ತದೆ” ಎಂದೆ. ಮೂರು ದಿನಗಳ ಮೇಲೆ ಹೊಸ ಪಟ್ಟಿ ಬಂದಿತು. ಹದಿನೈದು ಹೋಗಿ ಒಂಬತ್ತಾಗಿತ್ತು. ಎರಡು ಸಲ ಮಾತ್ರ ಹೋಗಿದ್ದ ಸಂಘಗಳೆಲ್ಲ ಬಿಟ್ಟುಹೋಗಿದ್ದವು. ನನ್ನ ಚಿಕಿತ್ಸಾಲಯದ ಮೂವತ್ತಮೂರು ಗಂಟೆ ಸರಿಯಾದ ವಿಭಾಗದಲ್ಲಿತ್ತು. ಅರ್ಥಪೂರ್ಣವಾದ ಮೂರರಲ್ಲಿ ಮೊದಲನೆಯದಾಗಿ ಅಜ್ಜಿಯ ಎಡಗೈ ಬೆರಳಿನ ಭಾಷೆಯಿತ್ತು. ಈ ಸಲ ಸಾಕ್ಷಿಯಾಗಲು ಸಂತೋಷದಿಂದ ಒಪ್ಪಿದೆ. ಸಂದರ್ಶನದ ಒಂದೆರಡು ಕರೆಗಳು ಬಂದಿವೆ. ಸೀಟು ಇನ್ನೂ ನಿಶ್ಚಯವಾಗಿಲ್ಲ.

ನಮ್ಮ ನಾಡಿನ ಮಕ್ಕಳಿಗೆ ಇಂತಹ ಪಟ್ಟಿಯ ಗೊಡವೆಯಿಲ್ಲ. 1994ರಲ್ಲಿ ಸಿ.ಇ.ಟಿ. ಬಂದಿತು, ಅನಂತರ ನೀಟ್. ಇಂದು 720 ಅಂಕಗಳಲ್ಲಿ ಎಷ್ಟು ಬಂದಿತೆಂಬುದೇ ಮುಖ್ಯ. ಸಂದರ್ಶನದ ಕೋಣೆಯಲ್ಲಿ ವಶೀಲಿಗೆ ಎಡೆಯಿರಬಹುದೆಂಬ ಅನುಮಾನ ಇದರಿಂದ ತಪ್ಪಿತು. ಹಳ್ಳಿಯ ಮಗುವಿಗೂ ಪಟ್ಟಣದ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ದೊರೆಯಿತು. ಇದು ಒಳ್ಳೆಯದೇ. ಆದರೆ ಅರ್ಜಿ ಕೇಳುವುದಿಲ್ಲವೆಂಬ ಕಾರಣಕ್ಕೆ ನಾವು ಮಕ್ಕಳಿಂದ ಎಲ್ಲವನ್ನೂ ಬಿಡಿಸಿದ್ದೇವೆ. ಮನೆಯಲ್ಲಿ ಹಿರಿಯರು ನರಳುತ್ತಿದ್ದರೂ “ನೀನು ಏಳಬೇಡ, ನಾಳೆ ಪರೀಕ್ಷೆಯಿದೆ” ಎನ್ನುತ್ತೇವೆ. ಅಲ್ಲಿ ಅರ್ಜಿಗಾಗಿ ಸೇವೆ, ಇಲ್ಲಿ ಅರ್ಜಿಯಲ್ಲಿಲ್ಲದ ಸೇವೆಗೆ ಬಿಡುವಿಲ್ಲ. ಎರಡೂ ಕಡೆ ಅರ್ಜಿಯೇ ಯಜಮಾನ.

ತಾಯ್ತಂದೆಗಳಲ್ಲಿ ನನ್ನ ಅರಿಕೆ ಇಷ್ಟೆ. ಯಾರೂ ಕೇಳದಿದ್ದರೂ ನಿಮ್ಮ ಮಗು ಯಾವ ಕೆಲಸವನ್ನು ಮಾಡುತ್ತಿತ್ತು ಎಂಬುದನ್ನು ಗಮನಿಸಿರಿ. ಅರ್ಜಿ ಕೇಳಿದರೆ ಅದನ್ನು ಇದ್ದಷ್ಟೇ ಬರೆಯಲಿ. ಕೇಳದಿದ್ದರೆ ಬರೆಯದೆ ಮಾಡಲಿ. ಮುಂದೊಂದು ದಿನ ಅದರ ಹಾಸಿಗೆಯ ಬಳಿಗೆ ಬರುವ ರೋಗಿ ಪಟ್ಟಿಯನ್ನು ನೋಡುವುದಿಲ್ಲ, ಕೈಯನ್ನು ನೋಡುತ್ತಾನೆ.