ಕೊಡ್ಲಿಯ ಬಾವಿಯಿಂದ ಮಿರಾಮಾರ್ ಕಡಲಿಗೆ

ಕೊಡ್ಲಿಯ ಹೊಲಗಳ ಮೇಲೆ ಬಿದ್ದ ಮಳೆ ಕಾಗಿಣಾ ಸೇರಿ, ಭೀಮೆಗೆ ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಕಡಲಿಗೂ ನಮ್ಮ ಕಡೆಯವರಿಗೂ ನೀರಿನ ನಂಟಿಲ್ಲ. ನಮಗೆ ಈಸು ಎಂದರೆ ಬಾವಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಸಿಕೊಂಡು ಮೆಟ್ಟಿಲ ಮೇಲಿಂದ ದೂಡಿಸಿಕೊಂಡವರು ನಾವು. ಅಕ್ಕನ ಮಗನಿಗೂ ನಾನೇ ಬಾವಿಯಲ್ಲಿ ಕಲಿಸಿದ್ದೆ, ಬುರುಡೆಯ ಬದಲು ಟ್ರ್ಯಾಕ್ಟರಿನ ಟ್ಯೂಬು ಹಾಕಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನು 2024ರ ದಸರೆಗೆ ಊರಿಗೆ ಬಂದು, ಗೋವಾದ ಸಮುದ್ರದಲ್ಲಿ ಈಜುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಎಂದಾಗ ಅಕ್ಕ ತಿರುಗಿಬಿದ್ದದ್ದು ನನ್ನ ಮೇಲೆ.

“ಶಹಾಬಾದ ಕಡೀ ಖಣಿ ನೀರಾಗ ಎಷ್ಟ್ ಹುಡುಗರು ಹೋದ್ರು, ಕೇಳಿಲ್ಲೇನು ತಮ್ಮಾ? ಅವರಿಗೂ ಈಸಾಕ ಬರ್ತಿತ್ತು.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಸುಗಲ್ಲು ತೆಗೆದ ಹೊಂಡದಲ್ಲಿ ಮಳೆನೀರು ನಿಂತರೆ ಅಂಚು ಗೋಡೆಯಂತೆ ನೆಟ್ಟಗಿರುತ್ತದೆ. ದಣಿದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೊನೆಗೆ ನಾನೂ ಜೊತೆಗೆ ಹೋಗಬೇಕೆಂಬ ಕರಾರಿನ ಮೇಲೆ ಅಕ್ಕ ಒಪ್ಪಿದಳು.

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿದೆವು. ಕಣಕುಂಬಿ ಮಲಪ್ರಭೆಯ ಹುಟ್ಟೂರು. ಅದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯೂ ಹುಟ್ಟುತ್ತಾಳೆ. ಒಬ್ಬಳು ಪೂರ್ವಕ್ಕೆ, ಇನ್ನೊಬ್ಬಳು ಪಶ್ಚಿಮಕ್ಕೆ. ಗೋವೆಯಲ್ಲಿ ಮಹದಾಯಿಯ ಹೆಸರು ಮಾಂಡವಿ. ಪಣಜಿಯ ಮಿರಾಮಾರ್ ದಂಡೆ ಇರುವುದು ಅವಳು ಕಡಲು ಸೇರುವಲ್ಲಿ. “ಹಂಗಾದ್ರ ನಮ್ಮ ನೀರಾಗೇ ಈಸ್ತೀನಲ್ಲ ಮಾಮಾ” ಎಂದ ಹುಡುಗ. ನೀರಿನ ಜಗಳ ಹತ್ತಿದವರ ಎದುರು ಹಾಗೆನ್ನಬೇಡ ಎಂದೆ.

ಇದು ಟ್ರಯಥ್ಲಾನ್: ಈಜು, ಸೈಕಲ್, ಓಟ ಮೂರೂ ಒಂದರ ಬೆನ್ನಿಗೊಂದು. 1978ರಲ್ಲಿ ಹವಾಯಿಯಲ್ಲಿ 15 ಜನ ಹೊರಟು 12 ಜನ ಮುಗಿಸಿದ ‘ಐರನ್‌ಮ್ಯಾನ್’ನಲ್ಲಿ ಈಜೇ 3.8 ಕಿಲೋಮೀಟರ್. ಗೋವೆಯಲ್ಲಿ 2019ರಿಂದ ನಡೆದಿರುವುದು ಅದರ ಅರ್ಧ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2022ರಲ್ಲಿ ಇಲ್ಲಿ ತಂಡದೊಂದಿಗೆ ಸೈಕಲ್ ಭಾಗವನ್ನಷ್ಟೇ ಮಾಡಿದ್ದರು. ಮೂರನ್ನೂ ಒಬ್ಬರೇ ಮುಗಿಸಿದ್ದು 2024ರಲ್ಲಿ. ಈಜಿಗೆ 70 ನಿಮಿಷ. ಮೀರಿದರೆ ಸೈಕಲ್ ಮುಟ್ಟುವಂತಿಲ್ಲ.

50 ಮೀಟರಿನ ಕೊಳದಲ್ಲಿ ಇದು 38 ಸುತ್ತು. ಆದರೆ ಕೊಳದಲ್ಲಿ ತಳಕ್ಕೆ ಕಪ್ಪು ಗೆರೆಯಿದೆ, ಪ್ರತಿ ಸುತ್ತಿಗೂ ಒದ್ದು ಹೊರಡಲು ಗೋಡೆಯಿದೆ. ಕಡಲಲ್ಲಿ ಎರಡೂ ಇಲ್ಲ. ಎಂಟು ಹತ್ತು ಕೈ ಬೀಸಿಗೊಮ್ಮೆ ತಲೆಯೆತ್ತಿ ದಿಕ್ಕು ನೋಡದಿದ್ದರೆ ಎರಡು ಕಿಲೋಮೀಟರು ಎರಡೂವರೆಯಾಗುತ್ತದೆ. ಬಾವಿಯಲ್ಲಿ ಕಲಿತ ನಾವೆಲ್ಲ ತಲೆಯೆತ್ತಿಯೇ ಈಸುವವರು. ತಲೆ ಎದ್ದರೆ ಕಾಲು ಮುಳುಗುತ್ತದೆಂದು ಬೆಳಗಾವಿಯ ಗುರುಗಳು ಆ ಚಟ ಬಿಡಿಸಲು ಒಂದು ವರ್ಷ ಪಟ್ಟ ಪಾಡು! ಈಗ ಸಮುದ್ರ ಅದನ್ನೇ ಮತ್ತೆ ಸ್ವಲ್ಪ ಕೇಳುತ್ತಿತ್ತು. ಕಣ್ಣಷ್ಟೇ ಮೇಲೆ, ಮೊಸಳೆಯಂತೆ. ನೋಡಿ, ಪಕ್ಕಕ್ಕೆ ಹೊರಳಿ, ಆಮೇಲೆ ಉಸಿರು.

ಹಿಂದಿನ ಸಂಜೆ ದಂಡೆಯಲ್ಲಿ ನಿಂತು ಗುರುತು ಹಿಡಿದೆವು. ಹೋಗುವಾಗ ಬಲಕ್ಕೆ ಆಗ್ವಾದ ಕೋಟೆ, ಎಡಕ್ಕೆ ಕಾಬೋ ಭೂಶಿರ. ಬರುವಾಗ ಬೆಳಗಿನ ಬಿಸಿಲು ನೇರ ಮುಖಕ್ಕೆ. ತೇಲುಬುರುಡೆಗಳು ಕಾಣದಿದ್ದರೂ ಕಾಣುವಂಥದ್ದು ಬೇಕೆಂದು ಎತ್ತರದ ಕಟ್ಟಡವೊಂದನ್ನು ಆರಿಸಿದ. ಮುಂದಿನವನ ಪಾದದ ಹಿಂದೆ ಗುಳ್ಳೆಗಳಲ್ಲಿ ಈಜಿದರೆ ಶ್ರಮ ಉಳಿಯುತ್ತದೆ, ಅದಕ್ಕೆ ಅನುಮತಿಯಿದೆ. ಆದರೆ ಅವನು ದಾರಿ ತಪ್ಪಿದರೆ ನೀವೂ ತಪ್ಪಿದಿರಿ. ಕಾಲು ಹೆಚ್ಚು ಬಡಿಯಬಾರದು, ಅದು ಸೈಕಲ್ಲಿಗೆ ಬೇಕು.

ಬೆಳಿಗ್ಗೆ ದಂಡೆಯಿಂದ ನನಗೆ ಕಂಡದ್ದು ಬರೀ ಟೊಪ್ಪಿಗೆಗಳು. ನಡೆದದ್ದನ್ನು ಅವನು ಆಮೇಲೆ ಹೇಳಿದ. ನಿಧಾನಿಗಳ ಸಾಲಿನ ಅಂಚಿನಲ್ಲಿ ನಿಲ್ಲಬೇಕೆಂದಿದ್ದವನು ಹುಮ್ಮಸ್ಸಿನಲ್ಲಿ ನಡುವೆ ನುಗ್ಗಿದ್ದ. ಯಾರದೋ ಹಿಮ್ಮಡಿ ಕನ್ನಡಕಕ್ಕೆ ತಗುಲಿತು, ಉಪ್ಪುನೀರು ಗಂಟಲಿಗಿಳಿಯಿತು, ಮುನ್ನೂರು ಮೀಟರಿಗೆ ಎದೆ ಡವಗುಟ್ಟಿ ಉಸಿರೇ ಸಿಗದಾಯಿತು. ಇಂಥಲ್ಲಿ ಎಳೆದುಕೊಳ್ಳಲು ಹೋದರೆ ಉಸಿರು ಇನ್ನೂ ಕಟ್ಟುತ್ತದೆ. ಮೊದಲು ಪೂರ್ತಿ ಬಿಡಬೇಕು. ಅವನಿಗೆ ನೆನಪಾದದ್ದು ಬಾವಿಯಂತೆ. ಅಂಗಾತ ತೇಲಿದ. ಆಕಾಶ ನೋಡುತ್ತ ಬಾಯಿಂದ ಗಾಳಿ ಬಿಟ್ಟ. ಆಮೇಲೆ ಕೈಯೆತ್ತಿ ಕಾವಲು ದೋಣಿಯನ್ನು ಕರೆದು, ಅದರ ಅಂಚು ಹಿಡಿದು ಎರಡು ನಿಮಿಷ ನಿಂತ. ದೋಣಿ ಮುಂದಕ್ಕೆ ಒಯ್ಯದಿದ್ದರೆ ಸಾಕು, ಹಿಡಿದು ಸುಧಾರಿಸಿಕೊಳ್ಳಲು ನಿಯಮವೇ ಒಪ್ಪುತ್ತದೆ. ಎಷ್ಟೋ ಜನ ಅದನ್ನು ಅವಮಾನವೆಂದು ತಿಳಿಯುತ್ತಾರೆ.

ಅಕ್ಕನಿಗೆ ಆ ದಿನ ಕೊಡಲಾಗದ ಉತ್ತರ ಆ ದೋಣಿಯಲ್ಲಿತ್ತು. ಖಣಿಯ ಹೊಂಡದಲ್ಲಿ ಅಂಥದೊಂದು ಇರುವುದಿಲ್ಲ. ಒಬ್ಬನೇ ಇಳಿದವನು ಕೈಯೆತ್ತಿದರೂ ನೋಡುವವರಿಲ್ಲ. ಕಲಿತ ಹುಡುಗರನ್ನೂ ಅಲ್ಲಿಗೆ ಬಿಡಬಾರದೆಂಬ ಅವಳ ಮಾತು ನೂರಕ್ಕೆ ನೂರು ನಿಜ.

ಅರವತ್ತೊಂದನೆಯ ನಿಮಿಷಕ್ಕೆ ಅವನು ಮರಳಿಗೆ ಕಾಲಿಟ್ಟು, ನನ್ನ ಕಡೆ ನೋಡದೆಯೇ ಸೈಕಲ್ಲಿನತ್ತ ಓಡಿದ. ಅಕ್ಕನಿಗೆ ಫೋನು ಮಾಡಿದೆ.

“ನೀರಿಂದ ಹೊರಗ ಬಂದಾನ.”

“ಮುಗೀತೇನು?”

“ಇನ್ನ ತೊಂಬತ್ತ್ ಕಿಲೋಮೀಟರ್ ಸೈಕಲ್ ಅದ, ಆಮ್ಯಾಲ ಓಟ.”

“ಅದಕ್ಕ ನಂದೇನ್ ಚಿಂತಿಲ್ಲ. ಹೊಟ್ಟಿಗೇನರ ತಿಂದಾನೋ ಇಲ್ಲೋ ಕೇಳು,” ಎಂದು ಫೋನಿಟ್ಟಳು.